ಹುರುಳಿಯ ಮೇಲೆ ಹಿಮದ ಗಾಡಿ

ನವೆಂಬರ್ 5, ಬುಧವಾರ

ಈ ಪುಸ್ತಕದ ಮೊದಲ ಪುಟದಲ್ಲಿ ‘ಓದುಗರ ಸಲಹೆಗಳು’ ಎಂದು ದಪ್ಪ ಅಕ್ಷರದಲ್ಲಿದೆ. ತಾಯಲೂರಿನ ಗ್ರಂಥಾಲಯಕ್ಕೆ ನಾನು ಮೇಲ್ವಿಚಾರಕಿಯಾಗಿ ಬಂದು ಆರು ವರ್ಷವಾಯಿತು. ಈ ಆರು ವರ್ಷದಲ್ಲಿ ಒಬ್ಬರೂ ಒಂದು ಸಾಲು ಬರೆದಿಲ್ಲ. ಬಾಯಲ್ಲಿ ಹೇಳುವವರಿಗೇನೂ ಬರವಿಲ್ಲ. ಫ್ಯಾನು ಜೋರಾಗಿ ತಿರುಗಬೇಕಂತೆ, ರಾಶಿಭವಿಷ್ಯ ಬರುವ ಪೇಪರು ಎರಡು ತರಿಸಬೇಕಂತೆ. ಇನ್ನೂರು ಪುಟ ಸುಮ್ಮನೆ ಬಿದ್ದಿದೆ. ಇವತ್ತಿನಿಂದ ನಾನೇ ಬರೆದುಕೊಳ್ಳುತ್ತೇನೆ. ಯಾರೂ ತೆರೆದು ನೋಡುವುದಿಲ್ಲ ಎನ್ನುವುದಕ್ಕೆ ಆರು ವರ್ಷದ ದಾಖಲೆಯಿದೆ.

ಮೊದಲನೇ ಸಲಹೆ ನನ್ನ ಗಂಡನಿಗೆ. ಮುಳಬಾಗಿಲು ತಾಲ್ಲೂಕಿನಲ್ಲಿ ಕೂತು ಹಿಮದ ಮೇಲೆ ಬೈಕು ಓಡಿಸುವ ಕನಸು ಕಾಣಬೇಡಿ.

ವಿಷಯ ಇಷ್ಟು. ಇವರು ಮುಳಬಾಗಿಲಿನಲ್ಲಿ ತಮ್ಮ ರಾಮು ಜೊತೆ ಗ್ಯಾರೇಜು ನಡೆಸುತ್ತಾರೆ. ಬೆಂಗಳೂರಿನ ಯಾರೋ ರೇಸುಗಾರ ಮುರಿದು ಬಿಸಾಡಿದ ಡರ್ಟ್ ಬೈಕೊಂದನ್ನು ತಂದು, ಎರಡು ವರ್ಷ ಜೋಡಿಸಿ, ಅದಕ್ಕೆ ಜೀವ ಕೊಟ್ಟಿದ್ದಾರೆ. ಅದಕ್ಕೆ ಹೆಡ್‌ಲೈಟಿಲ್ಲ, ಕನ್ನಡಿಯಿಲ್ಲ, ಹಿಂದೆ ಹೆಂಡತಿ ಕೂರಲು ಸೀಟಿಲ್ಲ. ಮಣ್ಣಿನ ರೇಸಿಗೆ ಬೇಕಾದದ್ದೆಲ್ಲ ಇದೆ, ಸಂಸಾರಕ್ಕೆ ಬೇಕಾದದ್ದು ಒಂದೂ ಇಲ್ಲ.

ಇವರ ಸ್ನೇಹಿತ ನರೇಶ ಸೈನ್ಯದಲ್ಲಿ ಮೆಕ್ಯಾನಿಕ್ಕಾಗಿದ್ದವನು. ಈಗ ಹಿಮಾಚಲದಲ್ಲಿ ಪ್ರವಾಸಿಗಳಿಗೆ ಬೈಕು ಬಾಡಿಗೆ ಕೊಡುತ್ತಾನೆ. ಹಿಮ ಬಿದ್ದರೆ ಅಂಗಡಿ ಬಂದ್. ಅದಕ್ಕೊಂದು ಉಪಾಯ ಹುಡುಕಿದ್ದಾನೆ. ಡರ್ಟ್ ಬೈಕಿನ ಮುಂದಿನ ಚಕ್ರ ಬಿಚ್ಚಿ ಒಂದು ಜಾರುಹಲಗೆ, ಹಿಂದಿನ ಚಕ್ರ ಬಿಚ್ಚಿ ಯುದ್ಧದ ಟ್ಯಾಂಕಿಗಿರುವಂಥ ರಬ್ಬರಿನ ಪಟ್ಟಿ ಹಾಕಿದರೆ ಅದು ಹಿಮದ ಬೈಕಾಗುತ್ತದಂತೆ. ಇದಕ್ಕೆಲ್ಲ ವಿದೇಶದಿಂದ ಕಿಟ್ಟು ಬರುತ್ತದೆ. ಕಿಟ್ಟು ತರಿಸುವವನು ನರೇಶ. ಗಾಡಿ ಸಮೇತ ಹೋಗಿ, ಜೋಡಿಸಿ, ಮಾರ್ಚಿನವರೆಗೆ ಅಲ್ಲೇ ಇದ್ದು ಓಡಿಸುವುದು, ಓಡಿಸಲು ಕಲಿಸುವುದು ಇವರು. ಯಾವ ಕಿಟ್ಟೆಂದು ಆರಿಸಬೇಕಾದವರೂ ಇವರೇ. ಆದರೆ ಕಿಟ್ಟಿನ ವಿವರವೆಲ್ಲ ಇಂಗ್ಲಿಷಿನಲ್ಲಿದೆ. ಇವರ ಇಂಗ್ಲಿಷು ಸ್ಪಾನರಿನ ನಂಬರಿಗೇ ಮುಗಿಯುತ್ತದೆ, ನರೇಶನದು ಇವರಿಗಿಂತ ಒಂದು ಸ್ಪಾನರು ಹೆಚ್ಚು. ಹೀಗಾಗಿ ಓದುವ ಭಾಗ್ಯ ನನ್ನ ಪಾಲಿಗೆ ಬಂದಿದೆ.

ಫೋನಿನಲ್ಲೇ ಅನುವಾದ ಮಾಡಿಸಿ ನೋಡಿದರು. ‘ಜಾಡು ಉದ್ವೇಗವನ್ನು ಪ್ರತಿ ಸವಾರಿಗೆ ಪರಿಶೀಲಿಸು’ ಎಂದು ಬಂತು.

“ಇದನ್ನ ನಂಬೋದಕ್ಕಿಂತ ನಿನ್ನ ನಂಬೋದು ವಾಸಿ ಕಣೇ ಚಂದ್ರಾ” ಎಂದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಇದು.

ನವೆಂಬರ್ 9, ಭಾನುವಾರ

ಮೂರು ಕಿಟ್ಟು, ಮೂರು ಕಂಪನಿ, ಪ್ರಿಂಟು ತೆಗೆದರೆ ನಲವತ್ತೆರಡು ಪುಟ. ಹೆಸರುಗಳು ನಾಲಿಗೆಗೆ ಹೊರಳದ್ದರಿಂದ ನಾನೇ ನಾಮಕರಣ ಮಾಡಿದೆ. ಉದ್ದದ್ದು, ಗಿಡ್ಡದ್ದು, ಅಗ್ಗದ್ದು.

ರಬ್ಬರ್ ಪಟ್ಟಿಗೆ ಟ್ರ್ಯಾಕ್ ಎನ್ನುತ್ತಾರೆ. ಉದ್ದದ್ದರ ಟ್ರ್ಯಾಕು ನೂರ ಮೂವತ್ತೇಳು ಇಂಚು. ಆಳದ ಹಿಮದಲ್ಲೂ ಹೂತುಕೊಳ್ಳುವುದಿಲ್ಲ, ಆದರೆ ತಿರುಗಿಸಲು ಕಷ್ಟ. ಗಿಡ್ಡದ್ದು ನೂರ ಇಪ್ಪತ್ತು ಇಂಚು, ಚುರುಕು. ಅಗ್ಗದ್ದರ ಬಗ್ಗೆ ಅದನ್ನು ಮಾಡಿದ ಕಂಪನಿಗೇ ಹೆಚ್ಚು ಹೇಳಲು ಇಷ್ಟವಿದ್ದಂತಿಲ್ಲ.

“ನಮ್ದು ಇನ್ನೂರೈವತ್ತು ಸಿಸಿ. ಉದ್ದದ್ದನ್ನ ಎಳೀತದಾ?” ಎಂದರು.

“ನನ್ನೊಬ್ಬಳನ್ನೇ ಇದುವರ್ಗೂ ಎಳೆದಿಲ್ಲ. ಅದನ್ನ ಕೇಳ್ತೀರಲ್ಲ.”

ನಗಲಿಲ್ಲ. ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಗೋಡೆ ನೋಡುತ್ತಾ ಕೂತರು. ಗೋಡೆಯ ಮೇಲೆ ಹಿಮ ಬೀಳುತ್ತಿತ್ತೇನೋ, ನನಗಂತೂ ಬಣ್ಣ ಉದುರುವುದಷ್ಟೇ ಕಂಡಿತು.

ನವೆಂಬರ್ 13, ಗುರುವಾರ

ಅತ್ತೆ ಆಂಜಿನಮ್ಮನವರಿಗೆ ವಿಷಯ ಗೊತ್ತಾಯಿತು. ಅವರಿಗೆ ಸಿಟ್ಟು ಬಂದರೆ ತೆಲುಗು, ಪ್ರೀತಿ ಉಕ್ಕಿದರೂ ತೆಲುಗು. ಕನ್ನಡ ಬರುವುದು ಬೇಜಾರಾದಾಗ ಮಾತ್ರ.

“ಆ ಚಲಿಲೋ ಎವರು ಉಂಟಾರ್ರಾ?” ಎಂದರು. ಆ ಚಳಿಯಲ್ಲಿ ಯಾರಿರುತ್ತಾರೆ ಅಂತ. ಆಮೇಲೆ ನನ್ನ ಕಡೆ ತಿರುಗಿ ಕನ್ನಡಕ್ಕೆ ಇಳಿದರು. “ನೀನಾದ್ರೂ ಬೇಡ ಅನ್ನಮ್ಮ.”

ನಾನ್ಯಾಕೆ ಅನ್ನಲಿ? ಹೋಗಲಿ. ನಾಲ್ಕು ತಿಂಗಳು ಗ್ರೀಸು ಮೆತ್ತಿದ ಟವೆಲ್ಲು ಒಗೆಯುವುದು ತಪ್ಪುತ್ತದೆ. ದಿನಕ್ಕೆ ಎರಡು ಮುದ್ದೆ ಕಡಿಮೆ ತಿರುವಬಹುದು. ನನಗೇನೂ ಬೇಸರವಿಲ್ಲ.

ಟ್ರ್ಯಾಕು ತಿರುಗಿಸಲು ಗಿಡ್ಡದ್ದಕ್ಕೆ ಚೈನು, ಉದ್ದದ್ದಕ್ಕೆ ಬೆಲ್ಟು. ಬೆಲ್ಟು ಸದ್ದು ಕಡಿಮೆ, ತೂಕವೂ ಕಡಿಮೆ. ಆದರೆ ಮಂಜುಗಡ್ಡೆ ಸಿಕ್ಕಿಕೊಂಡರೆ ಜಾರುತ್ತದೆಯೇ ಎನ್ನುವುದಕ್ಕೆ ಇಪ್ಪತ್ತಾರನೇ ಪುಟದಲ್ಲಿ ಸರಿಯಾದ ಉತ್ತರವಿಲ್ಲ. ಎರಡು ಸಲ ಓದಿದೆ.

ನವೆಂಬರ್ 18, ಮಂಗಳವಾರ

ಇವರು ಸ್ನಾನಕ್ಕೆ ಹೋಗಿದ್ದಾಗ ನರೇಶ ವಾಯ್ಸ್ ಮೆಸೇಜು ಕಳಿಸಿದ್ದ. ಕೈತಪ್ಪಿ ಒತ್ತಿದೆ ಎಂದು ಬರೆಯೋಣವೆಂದಿದ್ದೆ. ನನ್ನೊಬ್ಬಳಿಗೇ ಬರೆದುಕೊಳ್ಳುವ ಪುಸ್ತಕದಲ್ಲಿ ಅದೂ ಏಕೆ. ಬೇಕೆಂದೇ ಒತ್ತಿದೆ.

“ಲೇ ಮುನಿ, ಈ ಸೀಸನ್ ನೋಡು. ಚೆನ್ನಾಗಾದ್ರೆ ಇಲ್ಲೇ ಇದ್ಬಿಡೋ. ಗ್ಯಾರೇಜು ರಾಮೂಗೆ ಬಿಟ್ಬಿಡು. ನಿನ್ನಂಥ ಕೈ ಅಲ್ಲಿ ಸ್ಕೂಟರಿನ ಆಯಿಲ್ ಬದಲಾಯಿಸ್ಕೊಂಡು ಕೂತದೆ.”

ನನ್ನ ಹೆಸರು ಅದರಲ್ಲೆಲ್ಲೂ ಇರಲಿಲ್ಲ. ಅಡುಗೆ ಮನೆಗೆ ಹೋಗಿ ಹುಳಿಗೆ ಎರಡು ಸಲ ಉಪ್ಪು ಹಾಕಿದೆ.

ನವೆಂಬರ್ 19, ಬುಧವಾರ

ಕಿಟ್ಟು ಕೊಂಡರಷ್ಟೇ ಸಾಲದು. ಅದನ್ನು ಗಾಡಿಗೆ ಕೂರಿಸಲು ಬೇರೆ ಜೋಡಣೆಯ ಸೆಟ್ಟು ಬೇಕು. ಒಂದೊಂದು ಗಾಡಿಗೆ, ಒಂದೊಂದು ವರ್ಷದ ಮಾಡೆಲ್ಲಿಗೆ ಒಂದೊಂದು ಸೆಟ್ಟು. ಯಾವ ಗಾಡಿಗೆ ಇದೆ ಎನ್ನುವ ಪಟ್ಟಿ ಪ್ರತಿ ಕಂಪನಿಯ ಕೊನೇ ಪುಟದಲ್ಲಿದೆ. ಇವರು ಅದನ್ನೇ ಕೇಳಿದರು.

“ನಮ್ ಗಾಡಿ ಐತಾ ನೋಡು.”

ನೋಡಿದೆ. ಮೂರು ಪಟ್ಟಿಯಲ್ಲೂ ಇತ್ತು, ಗಿಡ್ಡದ್ದರಲ್ಲಿ ನಾಲ್ಕನೇ ಸಾಲು. 2018ರಿಂದ ಈಚಿನ ಎಲ್ಲಾ ಮಾಡೆಲ್ಲು. ನಮ್ಮದು 2020.

“ಇಲ್ಲ” ಎಂದೆ.

“ಮೂರರಲ್ಲೂ?”

“ಮೂರರಲ್ಲೂ ಇಲ್ಲ.”

“ಓ” ಎಂದರು. ಪೆನ್ಸಿಲು ಕಿವಿಯಿಂದ ತೆಗೆದು ಕಿಟಕಿಯಲ್ಲಿಟ್ಟರು.

ನವೆಂಬರ್ 20, ಗುರುವಾರ

ಏನೂ ವಿಶೇಷವಿಲ್ಲ.

ನವೆಂಬರ್ 24, ಸೋಮವಾರ

ನನ್ನ ಗಂಡ ಕಿಟ್ಟು ಸಿಗಲಿಲ್ಲವೆಂದು ಸುಮ್ಮನಾಗುವ ಗಂಡಸಾಗಿದ್ದರೆ ಈ ಪುಟ ಖಾಲಿ ಇರುತ್ತಿತ್ತು. ಸಿಗದಿದ್ದರೆ ಏನಂತೆ, ನಾನೇ ಮಾಡ್ತೀನಿ ಎಂದರು. ರಾಯಲ್ಪಾಡಿನ ಕಡೆ ಮುಚ್ಚಿಹೋದ ಮಾವಿನ ರಸದ ಕಾರ್ಖಾನೆಯೊಂದರಿಂದ ಹಣ್ಣು ಸಾಗಿಸುವ ರಬ್ಬರ್ ಬೆಲ್ಟು ತಂದಿದ್ದಾರೆ. ಅದಕ್ಕೆ ಹಳೇ ಟೈರು ಕತ್ತರಿಸಿ ಹಲ್ಲು ಕೂರಿಸುತ್ತಾರಂತೆ. ಜಾರುಹಲಗೆಗೆ, ಅತ್ತೆಯ ತವರಿನಲ್ಲಿ ಗದ್ದೆ ಸಮ ಮಾಡುತ್ತಿದ್ದ ಹಲಗೆಗೇ ತಗಡು ಹೊಡೆದಿದ್ದಾರೆ. ಅಂಗಳವೆಲ್ಲ ಮಾವಿನಹಣ್ಣು ಕೊಳೆತ ವಾಸನೆ.

ನನ್ನ ನಲವತ್ತೆರಡು ಪುಟದ ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡಿದ್ದಾರೆ. ಪಟ್ಟಿಯಿದ್ದ ಪುಟವೂ ಇದೆ. ಅದನ್ನು ಹಾದು ಹೋಗುವಾಗಲೆಲ್ಲ ನಾನು ಬಾವಿಯ ಕಡೆ ನೋಡುತ್ತೇನೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ.

ಡಿಸೆಂಬರ್ 4, ಗುರುವಾರ

ಟ್ರ್ಯಾಕಿನ ಬಿಗುವು ಎಷ್ಟಿರಬೇಕೆಂದು ಕೇಳಿದರು. ನಡುವೆ ಹತ್ತು ಕೆ.ಜಿ. ತೂಗುಹಾಕಿದರೆ ಎರಡು ಬೆರಳು ಜಗ್ಗಬೇಕು, ಹೊಸ ಟ್ರ್ಯಾಕಾದರೆ ಒಂದು ಗಂಟೆ ಓಡಿಸಿ ಮತ್ತೆ ನೋಡಬೇಕು ಎಂದೆ. ಪುಟ ತೆರೆಯದೆಯೇ ಹೇಳಿದೆ. ಇವರು ನನ್ನ ಮುಖವನ್ನೇ ನೋಡಿದರು. ಹತ್ತು ಕೆ.ಜಿ. ಈರುಳ್ಳಿ ಮೂಟೆ ತೂಗುಹಾಕಿ ನಾನೇ ಬೆರಳಿಟ್ಟು ನೋಡಿದೆ. ಮೂರು ಬೆರಳು ಜಗ್ಗಿತು. ಬಿಗಿ ಮಾಡಿ ಎಂದೆ.

ಗ್ರಂಥಾಲಯದಲ್ಲಿ ಇವತ್ತು ಫ್ಯಾನಿನ ಸದ್ದು ಕೇಳಿ ಬೇರಿಂಗು ಹೋಗಿದೆ ಅನ್ನಿಸಿತು. ಏನು ಕರ್ಮವೋ.

ಡಿಸೆಂಬರ್ 14, ಭಾನುವಾರ

ಉದ್ದ ಬರೆಯಬೇಕು. ಕೈಯಲ್ಲಿ ಇನ್ನೂ ಹೊಗೆ ವಾಸನೆ.

ಗಾಡಿ ಸಿದ್ಧವಾಯಿತು. ಆದರೆ ಹಿಮ? ತಗಡಿನ ಹಲಗೆಯನ್ನು ಟಾರಿನ ಮೇಲೆ ಎಳೆದರೆ ಊರಿನ ನಾಯಿಗಳೆಲ್ಲ ಕೂಗಿದವು. ಕೆರೆ ಅಂಗಳದ ಕೆಸರಿನಲ್ಲಿ ಗಾಡಿ ಎಮ್ಮೆಯ ಹಾಗೆ ಮಲಗಿತು. ಆಗ ಇವರಿಗೆ ರಸ್ತೆಯ ಮೇಲಿನ ಹುರುಳಿ ಕಂಡಿತು.

ನಮ್ಮ ಕಡೆ ಈ ತಿಂಗಳು ಕಣ ಅಂದರೆ ರಸ್ತೆಯೇ. ಹುರುಳಿ ಗಿಡ ಕಿತ್ತು ತಂದು ಟಾರಿನ ಮೇಲೆ ಮೊಣಕಾಲೆತ್ತರ ಹರಡುತ್ತಾರೆ. ಓಡಾಡುವ ಬಸ್ಸು ಲಾರಿಗಳೇ ಬಿಟ್ಟಿಯಾಗಿ ಒಕ್ಕಣೆ ಮಾಡಿಕೊಡುತ್ತವೆ. ಬೈಕಿನವರು ಮಾತ್ರ ದೇವರ ಹೆಸರು ಹೇಳಿಕೊಂಡು ದಾಟಬೇಕು, ಅಷ್ಟು ಜಾರುತ್ತದೆ. ಮೃದುವಾಗಿರುವ, ಜಾರುವ, ಚಕ್ರ ಹೂತುಕೊಳ್ಳುವ ಜಾಗ ಈ ತಾಲ್ಲೂಕಿನಲ್ಲಿ ಅದೊಂದೇ.

ಕೋದಂಡರಾಮಪ್ಪನವರ ಹುರುಳಿ, ಊರಾಚೆಯ ತಿರುವಿನಿಂದ ನೂರು ಮಾರು ಉದ್ದ ಹರಡಿತ್ತು. ಅವರು ಹಿರಿಯರು, ಬೇಡ ಎನ್ನುತ್ತಾರೆಂದು ನಾನು ಆಸೆಪಟ್ಟಿದ್ದೆ.

“ಓಡ್ಸಪ್ಪ. ಬೆಳಿಗ್ಗೆಯಿಂದ ಒಂದ್ ಬಸ್ಸೂ ಬಂದಿಲ್ಲ” ಎಂದರು.

ಇವರು ಒದ್ದು ಸ್ಟಾರ್ಟ್ ಮಾಡಿದರು. ಹಲಗೆ ಹುರುಳಿಯ ಮೇಲೆ ಎದ್ದಿತು, ಟ್ರ್ಯಾಕು ಕಚ್ಚಿತು, ಗಾಡಿ ಹೋಯಿತು. ತೇಲಿಕೊಂಡು ಹೋಯಿತು ಎನ್ನಬೇಕು. ಆ ತುದಿಯಲ್ಲಿ ಹಿಂಭಾಗ ಒಂದು ಕಡೆ ಜಾರಿತು. ಇವರು ಮೈ ಬಾಗಿಸಿ, ಅಗಲವಾಗಿ ತಿರುಗಿಸಿಕೊಂಡು ವಾಪಸು ಬಂದರು. ಬರುವಾಗ ನಗುತ್ತಿದ್ದರು. ಯಾರಿಗೂ ತೋರಿಸುವುದಕ್ಕಲ್ಲ, ತಮ್ಮಷ್ಟಕ್ಕೆ ನಗುತ್ತಿದ್ದರು. ಈ ನಗುವನ್ನು ನಾನು ಮರೆತೇಬಿಟ್ಟಿದ್ದೆ. ನೋಡಿ ಸಂತೋಷವಾಯಿತು, ಆಮೇಲೆ ಆ ನಾಲ್ಕನೇ ಸಾಲು ನೆನಪಾಯಿತು.

ಅಷ್ಟರಲ್ಲಿ ಕೋದಂಡರಾಮಪ್ಪನವರು ಬಗ್ಗಿ ಸೊಪ್ಪು ಸರಿಸಿದರು. ಕೆಳಗೆ ಕಾಳು ರಾಶಿ ಉದುರಿತ್ತು. ಒಂದೂ ಒಡೆದಿರಲಿಲ್ಲ. ಟೈರಿನ ಹಲ್ಲು ಕಾಯನ್ನಷ್ಟೇ ಸಿಡಿಸಿತ್ತು.

“ಏನಪ್ಪಾ ಮುನಿಕೃಷ್ಣ, ಲಾರಿ ಹತ್ತು ಸಲ ಓಡಾಡಿದ್ರೂ ಹಿಂಗಾಗಲ್ಲ. ಇನ್ನೊಂದ್ ರೌಂಡ್ ಹೊಡಿ.”

ಒಂದು ಹೋಗಿ ಇಪ್ಪತ್ತಾಯಿತು. ಊರೆಲ್ಲ ಸೇರಿತು. ನಾಳೆ ನಮ್ಮದು, ನಾಡಿದ್ದು ನಮ್ಮದು ಎಂದು ಪಾಳಿ ಹಚ್ಚಿದರು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನ್ನ ಗ್ರಂಥಾಲಯದ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಇಪ್ಪತ್ತೊಂದನೇ ಸುತ್ತಿಗೆ ಸೊಪ್ಪು ಟ್ರ್ಯಾಕಿನೊಳಗೆ ಸುತ್ತಿಕೊಂಡು ಹೊಗೆ ಬಂತು. ನಾನೇ ಮೊದಲು ಕೂಗಿದ್ದು, ನಾನೇ ಓಡಿ ಕುಡುಗೋಲಿನಿಂದ ಸೊಪ್ಪು ಕುಯ್ದದ್ದು. ಹೆಂಗಸರು ಬಿಂದಿಗೆ ತಂದು ಸುರಿದರು. ಬೆಂಕಿ ಹತ್ತಲಿಲ್ಲ.

ಸಂಜೆ ಇವರು ಜಗಲಿಯಲ್ಲಿ ಕೂತು, “ನರೇಶಂಗೆ ಫೋನ್ ಮಾಡಿ ಬರಲ್ಲ ಅಂದ್ಬಿಟ್ಟೆ” ಎಂದರು.

“ಯಾಕೆ?”

“ಇಪ್ಪತ್ ರೌಂಡಿಗೇ ಹಿಂಗಾಯ್ತು. ಹಿಮದಲ್ಲಿ ಜನರ ಕೈಗೆ ಕೊಟ್ಟು ಇದನ್ನ ನಂಬಕ್ಕಾಗಲ್ಲ. ನಾನು ಮಾಡಿರೋದು ಹುರುಳಿ ಮಿಷನ್ನು ಕಣೇ. ಇಂಜಿನ್ ಬಿಚ್ಚಿ ಕೋದಂಡರಾಮಪ್ಪನವರ ಒಕ್ಕಣೆಗೇ ಕೊಟ್ಬಿಡೋಣ ಅಂತಿದೀನಿ.”

ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ನಾನು ಗೆದ್ದೆ. ಊಟ ಸೇರಲಿಲ್ಲ.

ಡಿಸೆಂಬರ್ 16, ಮಂಗಳವಾರ

ಇವರು ಗೋಡೆಯ ಮೇಲಿನ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಮೂಲೆ ಹರಿಯದ ಹಾಗೆ, ಅಟ್ಟದ ಮೇಲೆ ಇಡಲು ಜೋಡಿಸುತ್ತಿದ್ದರು. ಬೈದಿದ್ದರೆ, ಹರಿದು ಬಿಸಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಮೂಲೆ ಹರಿಯದ ಹಾಗೆ ಬಿಡಿಸುವುದನ್ನು ನೋಡಲಾಗಲಿಲ್ಲ.

“ಪಟ್ಟೀಲಿ ನಿಮ್ ಗಾಡಿ ಇತ್ತು” ಎಂದೆ. “ನಾಲ್ಕನೇ ಸಾಲು. ಮೂರು ಕಿಟ್ಟಿಗೂ ಸೆಟ್ಟಿದೆ. ನಾನೇ ಇಲ್ಲ ಅಂದೆ.”

ಕೈ ನಿಂತಿತು. ಆಮೇಲೆ ಎದ್ದು, ಕೈ ತೊಳೆದು, ಅಂಗಿ ಬದಲಾಯಿಸಿ, ನಲವತ್ತೆರಡು ಪುಟವನ್ನೂ ಕಂಕುಳಿಗೆ ಹಾಕಿಕೊಂಡು ಹೊರಟರು. ಎಲ್ಲಿಗೆ ಎಂದು ಕೇಳುವ ಮುಖ ನನಗಿರಲಿಲ್ಲ.

ಅಮರನಾಥರ ಮನೆಗಂತೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವರು. ಓದಿಸಿಕೊಳ್ಳಲು.

ಡಿಸೆಂಬರ್ 18, ಗುರುವಾರ

ಮೂರನೇ ಸಂಜೆಯೂ ಅಮರನಾಥರ ಮನೆ. ಅವರಿಗೆ ಸ್ಪಾನರಿಗೂ ಸ್ಪೂನಿಗೂ ವ್ಯತ್ಯಾಸ ಗೊತ್ತಿಲ್ಲ. ಬೆಲ್ಟು ಮೇಲೋ ಚೈನು ಮೇಲೋ ಎಂದರೆ ವ್ಯಾಕರಣ ಹೇಳುತ್ತಾರಂತೆ. ಇಪ್ಪತ್ತಾರನೇ ಪುಟದ ತೊಡಕು ಅವರಿಗೆ ಹೊಳೆಯುವುದೇ ಇಲ್ಲ. ಗಿಡ್ಡದ್ದರ ತೂಕ ಮಾತ್ರ ಪೌಂಡಿನಲ್ಲಿದೆ, ಅದನ್ನು ಕೆ.ಜಿ. ಅಂದುಕೊಂಡರೆ ಅದೇ ಭಾರ ಅನ್ನಿಸಿಬಿಡುತ್ತದೆ. ಯಾರಾದರೂ ಅವರಿಗೆ ಹೇಳಬೇಕು.

ನನ್ನ ಕೆಲಸ ಬೇರೆಯವರು ಮಾಡಿದರೆ ಇಷ್ಟು ಉರಿಯುತ್ತದೆಂದು ಗೊತ್ತಿರಲಿಲ್ಲ. ಇವರು ಮನೆಯಲ್ಲಿ ಮುದ್ದೆ ತಿನ್ನುತ್ತಾರೆ, ನೀರು ಕೇಳುತ್ತಾರೆ, ಮಲಗುತ್ತಾರೆ. ನನ್ನ ಹೆಸರು ಹಿಡಿದು ಕರೆಯುವುದಿಲ್ಲ.

ಡಿಸೆಂಬರ್ 21, ಭಾನುವಾರ

ಇವತ್ತು ಮಧ್ಯಾಹ್ನ ಹಾಳೆಗಳನ್ನು ತಂದು ನನ್ನ ಮುಂದೆ ಇಟ್ಟರು.

“ಮೇಷ್ಟ್ರು ಇಂಗ್ಲಿಷ್ ಓದ್ತಾರೆ. ನೀನು ಗಾಡಿ ಓದ್ತೀಯ. ಮೊದಲಿಂದ ಓದು. ಈ ಸಲ ಇದ್ದಂಗೆ ಓದು.”

ಓದಿದೆ. ಟ್ರ್ಯಾಕು, ತೂಕ, ಜಾರುಹಲಗೆಯ ಅಗಲ, ಚಳಿಗೆ ಇಂಜಿನು ಬಿಸಿಯಾಗಿಡಲು ರೇಡಿಯೇಟರಿಗೆ ಹೊದಿಸುವ ಕವರು, ಎಲ್ಲಾ. ಇನ್ನೂರೈವತ್ತು ಸಿಸಿಗೆ ಉದ್ದದ್ದು ಭಾರವಾಗುತ್ತದೆ, ಕಲಿಯಲು ಬರುವ ಪ್ರವಾಸಿಗಳಿಗೆ ತಿರುಗಿಸಲೂ ಆಗುವುದಿಲ್ಲ, ಮಂಜುಗಡ್ಡೆಗೆ ಬೆಲ್ಟಿಗಿಂತ ಚೈನೇ ನಂಬಿಕೆ, ಗಿಡ್ಡದ್ದೇ ಸರಿ ಎಂದೆ. ಕೊನೆಗೆ ಪಟ್ಟಿ ಬಂತು. ನಾಲ್ಕನೇ ಸಾಲು ಓದಿದೆ.

“ಇನ್ನೊಂದ್ಸಲ ಓದು.”

ಇನ್ನೊಂದು ಸಲ ಓದಿದೆ.

“ಈಗ ಹೇಳು. ನಾನು ಹೋಗ್ಲೋ ಬೇಡ್ವೋ?”

“ಅದು ಇದ್ರಲ್ಲಿ ಬರ್ದಿಲ್ಲ.”

“ಬರ್ದಿರೋದನ್ನೇ ಓದೋಳಾಗಿದ್ರೆ ಆವತ್ತು ಯಾಕೆ ಬೇರೆ ಓದಿದೆ? ನಿನ್ ಮನಸ್ಸಲ್ಲಿರೋದು ಹೇಳು.”

ನನ್ನ ಬಾಯಿಗೆ ಒಂದು ಕುಹಕದ ಮಾತು ಬಂದಿತ್ತು, ಯಾವಾಗಲೂ ಬರುವ ಹಾಗೆ. ನುಂಗಿಕೊಂಡೆ. “ಹೋಗ್ಬೇಡಿ” ಎಂದೆ. “ಅಲ್ಲೇ ಉಳ್ಕೊಂಡ್ಬಿಡ್ತೀರ ಅಂತ ಭಯ. ನರೇಶಣ್ಣನ ಮೆಸೇಜು ಕೇಳಿಸ್ಕೊಂಡಿದೀನಿ. ನೀವಿಲ್ದೆ ನಂಗೆ ಈ ಮನೇಲಿ ಆಗಲ್ಲ.”

ಇವರು ನೆಲ ನೋಡಿದರು. “ಇದನ್ನ ಹನ್ನೊಂದು ವರ್ಷದಲ್ಲಿ ಒಂದ್ಸಲಾನೂ ಹೇಳ್ಲಿಲ್ಲ ನೀನು” ಎಂದರು. ಆಮೇಲೆ ಹಾಳೆಗಳನ್ನು ಜೋಡಿಸುತ್ತಾ, “ಆದ್ರೂ ಒಂದ್ಸಲ ಹೋಗಿ ನೋಡ್ಬೇಕು ಚಂದ್ರಾ. ಇಲ್ದಿದ್ರೆ ಜೀವಮಾನವೆಲ್ಲ ನಿನ್ನ ದೂರ್ತಾ ಇರ್ತೀನಿ” ಎಂದರು.

ಸುಳ್ಳು ಹೇಳಿದಾಗ ಉಳಿದಿದ್ದರು, ನಿಜ ಹೇಳಿದಾಗ ಹೊರಟರು. ಹೆಸರು ಹಿಡಿದು ಕರೆದರಲ್ಲ, ಅಷ್ಟು ಸಾಕು ಎಂದುಕೊಂಡು ಪಾತ್ರೆ ತೊಳೆದೆ. ಸಾಕಾಗಲಿಲ್ಲ.

ಜನವರಿ 7, ಬುಧವಾರ

ಹೊರಟರು. ಮತ್ತೆ ಫೋನು ಮಾಡಿದ್ದಕ್ಕೆ ನರೇಶ ಗಿಡ್ಡದ್ದನ್ನು ತರಿಸುತ್ತಿದ್ದಾನೆ, ಗಾಡಿಗೆ ಹಳೇ ಚಕ್ರ ಹಾಕಿ ನಿನ್ನೆಯೇ ರೈಲಿಗೆ ಹಾಕಿಸಿದ್ದಾರೆ. ಅತ್ತೆ ನಾಲ್ಕು ಸ್ವೆಟರು, ಒಂದು ಡಬ್ಬ ಹುರುಳಿ ಚಟ್ನಿಪುಡಿ ಕೊಟ್ಟರು. ನಾನು ಏನೂ ಕೊಡಲಿಲ್ಲ, ಬಸ್ಸಿನವರೆಗೆ ಹೋದೆ.

ಜನವರಿ 8, ಗುರುವಾರ

ಟವೆಲ್ಲು ಶುಭ್ರವಾಗಿದೆ.

ಜನವರಿ 23, ಶುಕ್ರವಾರ

ಕಿಟ್ಟು ತಲುಪಿತಂತೆ. ಜೋಡಿಸುವ ಕೈಪಿಡಿಯ ಒಂದೊಂದು ಪುಟದ ಫೋಟೋ ತೆಗೆದು ಕಳಿಸುತ್ತಾರೆ. ನಾನು ಓದಿ, ಕನ್ನಡದಲ್ಲಿ ಹೇಳಿ ವಾಯ್ಸ್ ಕಳಿಸುತ್ತೇನೆ. ಸಂಜೆ ಮುಂದಿನ ಪುಟ. ಇವತ್ತು ಟ್ರ್ಯಾಕು ಒಂದು ಪಕ್ಕಕ್ಕೆ ಎಳೆಯುತ್ತಿದೆ ಎಂದು ಫೋನನ್ನು ಗಾಡಿಯ ಹತ್ತಿರ ಹಿಡಿದರು. ಟಕ್ ಟಕ್ ಎಂದು ಸದ್ದು ಕೇಳಿತು. ಎಡಗಡೆಯ ನಟ್ಟು ಅರ್ಧ ಸುತ್ತು ಬಿಗಿ ಮಾಡಿ ಎಂದೆ. ಮಾಡಿದರು. ಸದ್ದು ನಿಂತಿತು. ನರೇಶಣ್ಣ ಹಿಂದಿನಿಂದ, “ಯಾರ್ಲಾ ಅದು, ಮೆಕ್ಯಾನಿಕ್ಕು?” ಎಂದು ಕೇಳಿದ್ದು ನನಗೂ ಕೇಳಿಸಿತು.

ಫೆಬ್ರವರಿ 8, ಭಾನುವಾರ

ಇವತ್ತು ಅವರೇ ಫೋನು ಮಾಡಿದರು. ಕೈಪಿಡಿಯ ಪುಟ ಯಾವುದೂ ಉಳಿದಿಲ್ಲ. ಗಾಡಿ ಚೆನ್ನಾಗಿ ಓಡುತ್ತಿದೆಯಂತೆ, ಜನ ಸಾಲು ನಿಲ್ಲುತ್ತಾರಂತೆ. ಆಮೇಲೆ ಮಾತು ತಡವರಿಸಿತು.

“ಚಂದ್ರಾ, ನರೇಶ ಇಲ್ಲೇ ಇರು ಅಂತಾವ್ನೆ. ನಂಗೂ ಇರಾಣ ಅನ್ನಿಸ್ತಾ ಐತೆ. ಇನ್ನೂ ಏನೂ ಹೇಳಿಲ್ಲ ಅವಂಗೆ. ನಿಂಗೆ ಬೇರೆ ಏನೋ ಹೇಳಿ ತಪ್ಪಿಸ್ಕೋಬೋದಾಗಿತ್ತು. ಸುಳ್ಳು ಹೇಳ್ಬಾರ್ದು ಅನ್ನಿಸ್ತು.”

ಒಳ್ಳೆಯದು ಎಂದೆ. ನಾನೇ ಕಲಿಸಿದ ಪಾಠ, ನನಗೇ ಒಪ್ಪಿಸಿದರು. ಫೋನಿಟ್ಟ ಮೇಲೆ ಕೋಣೆ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆಂಜಿನಮ್ಮನವರು ಹೊರಗಿನಿಂದ ತೆಲುಗಿನಲ್ಲಿ ಏನೇನೋ ಸಮಾಧಾನ ಹೇಳಿದರು.

ಫೆಬ್ರವರಿ 9, ಸೋಮವಾರ

ಪಂಚಾಯ್ತಿಗೆ ಹೋಗಿ ರಜೆ ಅರ್ಜಿಯ ನಮೂನೆ ತಂದೆ. ಇಪ್ಪತ್ತು ದಿನ. ಅಲ್ಲಿಗೆ ಹೋಗಿ, ಆ ಹಿಮ ಎಂಥದ್ದೆಂದು ನಾನೇ ನೋಡಬೇಕು, ಅವರ ಮುಖವನ್ನೂ ನೋಡಬೇಕು. ಆಮೇಲೆ ಇಬ್ಬರೂ ಕೂತು ಮಾತಾಡಬೇಕು. ಅವರು ಬರುತ್ತಾರೋ, ನಾನು ಉಳಿಯುತ್ತೇನೋ, ನನಗೆ ಗೊತ್ತಿಲ್ಲ.

ನಮೂನೆಯಲ್ಲಿ ‘ರಜೆಗೆ ಕಾರಣ’ ಎಂದು ಒಂದು ಸಾಲು ಜಾಗ ಬಿಟ್ಟಿದ್ದಾರೆ. ಎಲ್ಲರೂ ಅಲ್ಲಿ ಜ್ವರ ಎಂದೋ ಸಂಬಂಧಿಕರ ಮದುವೆ ಎಂದೋ ಬರೆಯುತ್ತಾರೆ. ನಾನೂ ಎರಡು ಸಲ ‘ಅನಾರೋಗ್ಯ’ ಎಂದು ಬರೆದು ಹೊಡೆದು ಹಾಕಿದೆ. ಮೂರನೇ ನಮೂನೆಯಲ್ಲಿ ‘ಗಂಡನ ಹತ್ತಿರ ಹೋಗಬೇಕು’ ಎಂದು ಬರೆದು ಸಹಿ ಮಾಡಿದೆ.